ಗೋಡೆಯಾಚೆಯ ದೇವಗಂಧಾರ

ಡೊಂಬಿವಲಿಯ ಮನೆಗೆ ಬಂದ ಮರುದಿನ ಬೆಳಿಗ್ಗೆ, ಗಂಟುಮೂಟೆ ಇನ್ನೂ ಬಿಚ್ಚದೆ, ಹಾಲು ಕಾಯಿಸಲು ನಿಂತಿದ್ದೆ. ಒಲೆಯ ಹಿಂದಿನ ಗೋಡೆಯಿಂದ ತಂಬೂರಿಯ ದನಿ ಬಂತು. ಮೇಲಿನ ಮನೆಯ ಕಿಟಕಿಯಿಂದ ರೇಡಿಯೊದಲ್ಲಿ ಯಾರದೋ ತೋಡಿ ರಾಗ ಇಳಿಯುತ್ತಿತ್ತು. ಕೆಳಗೆ ಗೇಟಿನಲ್ಲಿ ವಾಚ್‌ಮನ್ ಕುರ್ಚಿಗೆ ತೂಗುಹಾಕಿದ್ದ ಸಣ್ಣ ರೇಡಿಯೊದಲ್ಲೂ ಅದೇ ತೋಡಿ. ಏನಿದು ಎಂದು ಕಿಟಕಿಯಿಂದ ಬಗ್ಗಿ ನೋಡಿದರೆ, ಮೆಂತೆಸೊಪ್ಪು ಕಟ್ಟುತ್ತಿದ್ದ ತರಕಾರಿ ಗಾಡಿಯವನು ಸಮ್ ಬಂದ ಕೂಡಲೇ ಗೋಣು ಹಾಕಿದ. ತಾಳ ಒಂದು ಸುತ್ತು ತಿರುಗಿ ಬಂದು ಬೀಳುವ ಆ ಮೊದಲ ಪೆಟ್ಟಿಗೆ, ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ. ನಮ್ಮೂರಲ್ಲಿ ನನಗೆ ಹಾರ ಹಾಕಿದ ಸಭಾಧ್ಯಕ್ಷರೂ ಅಷ್ಟು ಸರಿಯಾಗಿ ಗೋಣು ಹಾಕಿದವರಲ್ಲ. ನಾನು ಬಾಯಿ ತೆರೆದು ನೋಡುತ್ತಿರುವಾಗ ಹಾಲು ಉಕ್ಕಿ ಒಲೆ ಆರಿತು.

ಊರಲ್ಲಿರುವ ನೀವು ಅಂದುಕೊಳ್ಳುತ್ತೀರಿ, ಹಾಡುವವಳಿಗೆ ಇನ್ನೇನು ಬೇಕು, ಹಾಡಿನ ಊರೇ ಸಿಕ್ಕಿತಲ್ಲ ಎಂದು. ಸುಳ್ಳು ಹೇಳಲಾರೆ, ನನಗೆ ಆದದ್ದು ಹೊಟ್ಟೆಕಿಚ್ಚು. ಕಲಬುರಗಿಯ ನಮ್ಮ ಓಣಿಯಲ್ಲಿ ನಾನು 'ರೇಡಿಯೊ ಕಸ್ತೂರಿ'. ನಮ್ಮ ಕಡೆಯ ರೇಡಿಯೊ ಕೇಂದ್ರದ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಹೆಸರಿನ ಮುಂದೆ ಪರೀಕ್ಷೆ ಪಾಸಾದ ಗ್ರೇಡ್ ಇತ್ತು. ವರ್ಷಕ್ಕೆ ಎರಡೋ ಮೂರೋ ಸಲ, ಪೇಟೆ ಧಾರಣೆ ಮುಗಿದ ಮೇಲೆ, ರೈತರ ಕಾರ್ಯಕ್ರಮಕ್ಕೆ ಮುಂಚೆ, ಹದಿನೈದು ನಿಮಿಷ ನನ್ನದು. ಮರುದಿನ ಅರಿವೆ ಅಂಗಡಿಯವರು "ಬಾಯಾರ, ನಿನ್ನಿ ಕೇಳಿದ್ವಿ ನೋಡ್ರಿ" ಎನ್ನುತ್ತಿದ್ದರು. ಯಾವ ರಾಗ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ, ಹಾಡಿದವಳು ನಾನೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ನಮ್ಮೂರು ಹಾಳೂರಲ್ಲದಿದ್ದರೂ ನನ್ನ ಗೌಡಿಕೆ ಅಂಥದ್ದೇ. ಇಲ್ಲಿ ರಾಗ ಎಲ್ಲರಿಗೂ ಗೊತ್ತು. ನಾನು ಯಾರಿಗೂ ಗೊತ್ತಿಲ್ಲ.

ಬಂದದ್ದು ಗಂಡನ ಹಿಂದೆ. ಬಸವರಾಜ ಫಿಟರ್. ಊರಲ್ಲಿದ್ದ ಕೆಲಸ ಹೋದಾಗ ಶಹಾಡ್ ಸ್ಟೇಶನ್ನಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಮ್ಮ ಕಡೆಯವರೇ ಹಚ್ಚಿಕೊಟ್ಟರು. ಮನೆ ಹುಡುಕುವಾಗ ಎಲ್ಲರೂ ಕಲ್ಯಾಣದ ಆಚೆ ನೋಡಿರಿ, ಅಲ್ಲಿ ನಮ್ಮ ಮಂದಿ ಜಾಸ್ತಿ ಅಂದರು. ನನ್ನ ಗಂಡ ಮಗಳ ಕಾಲೇಜಿಗೆ ಸರಿಯಾಗಲೆಂದು ಡೊಂಬಿವಲಿ ಹಿಡಿದರು. ಮಗಳು ಅಕ್ಷತಾ ಖಾರಘರಕ್ಕೆ ಹೋಗಬೇಕು, ಎರಡು ಲೈನಿನ ಲೋಕಲ್ ರೈಲು ಬದಲಾಯಿಸಿ. ಒಂದೇ ಕೋಣೆ ಮತ್ತು ಅಡುಗೆಮನೆಯ ಈ ಗೂಡಿಗೆ ಇಲ್ಲಿ 'ಒನ್ ಆರ್‌ಕೆ' ಎನ್ನುತ್ತಾರೆ. ಊರಿನ ನಮ್ಮ ಪಡಸಾಲೆಯೊಳಗೆ ಇಂಥವು ಎರಡು ಹಿಡಿಸುತ್ತವೆ. ತಂಬೂರಿ ಹೊತ್ತು ಮೆಟ್ಟಿಲು ಹತ್ತುವಾಗ ಸೊಸಾಯಿಟಿಯ ಸೆಕ್ರೆಟರಿ ಎದುರು ಬಂದರು. ಹಾಡಿನ ಗಲಾಟೆ ಮಾಡುವ ಹಾಗಿಲ್ಲ ಎನ್ನುತ್ತಾರೆಂದು ಉತ್ತರ ಕಟ್ಟಿಕೊಂಡಿದ್ದೆ. ಅವರು ಕೇಳಿದ್ದು "ಗುರು ಕೋಣ್ ತುಮಚೆ?" ಎಂದು, ನಿಮ್ಮ ಗುರು ಯಾರು. ಹೇಳಿದೆ. ಅವರಿಗೆ ಆ ಹೆಸರು ಗೊತ್ತಿರಲಿಲ್ಲ. "ಅಚ್ಛಾ" ಅಂದು ಇಳಿದು ಹೋದರು. ಆ "ಅಚ್ಛಾ" ಎಷ್ಟು ದಿನ ಚುಚ್ಚಿತೆಂದರೆ, ಈಗಲೂ ಅವರ ಮುಖ ನೋಡಿದರೆ ಸಿಟ್ಟು ಬರುತ್ತದೆ.

ರೇಡಿಯೊದ ವಿಷಯಕ್ಕೆ ಬಂದರೆ ಅಲ್ಲಿಗೂ ಇಲ್ಲಿಗೂ ಹೋಲಿಕೆಯೇ ಬೇಡ. ಅಲ್ಲಿ ನನ್ನ ಹದಿನೈದು ನಿಮಿಷಕ್ಕೆ ತೊಗರಿಯ ದರ ಕಾಯಬೇಕಿತ್ತು. ಇಲ್ಲಿ ಸರ್ಕಾರಿ ರೇಡಿಯೊ ಹಚ್ಚಿದರೆ ಬೆಳಿಗ್ಗೆ ಖಯಾಲು, ಮಧ್ಯಾಹ್ನ ಸಿತಾರು. ಸಾಲದೆಂದು ಭಾನುವಾರ ಇಂಗ್ಲಿಷ್‌ನಲ್ಲಿ ಮಾತಾಡುವ ಒಂದು ಹೆಂಗಸು ಜಾಝ್ ಹಾಕುತ್ತಾಳೆ. ಮೊದಲ ಸಲ ಕೇಳಿದಾಗ ಎಮ್ಮೆ ಕೆಮ್ಮಿತು ಅಂದುಕೊಂಡೆ. ಅಕ್ಷತಾ ನಕ್ಕು, ಅದು ಸ್ಯಾಕ್ಸೊಫೋನ್ ಅಂದಳು. ಅವಳಿಗೆ ಅದು ಹುಚ್ಚು. ಅವಳ ಪಕ್ಕ ಜೋಳದ ಹಿಟ್ಟು ಸೋಸುತ್ತಾ ಕೂತು ನನಗೂ ಸ್ವಲ್ಪ ತಿಳಿಯಿತು. ಒಬ್ಬ ಒಂದು ಮಾತು ನುಡಿಸುತ್ತಾನೆ, ಇನ್ನೊಬ್ಬ ಅದನ್ನೇ ಎತ್ತಿಕೊಂಡು ತನ್ನ ರೀತಿಯಲ್ಲಿ ತಿರುಗಿಸುತ್ತಾನೆ, ಮೊದಲಿನವನು ಪಕ್ಕಕ್ಕೆ ಸರಿದು ಜಾಗ ಬಿಡುತ್ತಾನೆ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ನಾನು ನಮ್ಮ ಕಡೆಯ ಕೇಂದ್ರದಲ್ಲಿನ ಜಾಗವನ್ನೂ ಬಿಟ್ಟಿರಲಿಲ್ಲ. ಕಲಾವಿದರ ಹೆಸರು ಒಂದೇ ಕೇಂದ್ರದ ಪಟ್ಟಿಯಲ್ಲಿರಬೇಕು. ಊರು ಬಿಟ್ಟವರು ಅರ್ಜಿ ಹಾಕಿ ಗ್ರೇಡನ್ನು ಹೊಸ ಊರಿನ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳುತ್ತಾರೆ, ಆಗ ಹಳೆಯ ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ. ಮೊದಮೊದಲು ರೆಕಾರ್ಡಿಂಗಿಗೆ ಕರೆ ಬಂದರೆ ರೈಲು ಹತ್ತಿ ಹೋಗಿ ಹಾಡಿ ಬರುತ್ತಿದ್ದೆ. ಆಮೇಲೆ ಕರೆ ಕಡಿಮೆಯಾಗಿ ನಿಂತೇ ಹೋಯಿತು. ಆದರೂ ಹೆಸರು ಅಲ್ಲಿತ್ತು. ಅದನ್ನು ಹೊಡೆಸಿದರೆ ನಾನು ಎಲ್ಲಿಯವಳು ಎಂಬ ಹೆದರಿಕೆ. ಹೀಗಾಗಿ ಅಲ್ಲಿ ಹಾಡುವುದಿಲ್ಲ, ಇಲ್ಲಿ ಹಾಡುವ ಹಾಗಿಲ್ಲ.

ಗೋಡೆಯಾಚೆಯ ತಂಬೂರಿ ವಸುಧಾ ತಾಯಿಯದು. 'ತಾಯಿ' ಎಂದರೆ ಇಲ್ಲಿ ಅಕ್ಕ. ಮೊದಲ ಸಲ ನನ್ನ ವಯಸ್ಸಿನವಳೇ ನನ್ನನ್ನು 'ಕಸ್ತೂರಿ ತಾಯಿ' ಅಂದಾಗ ಬೈದಳೆಂದೇ ತಿಳಿದಿದ್ದೆ. ಪಕ್ಕದ ಊರು ಠಾಣೆಯ ಒಂದು ಬ್ಯಾಂಕಿನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಲೋಕಲ್ ಹಿಡಿಯುವ ಮುಂಚೆ ಒಂದು ತಾಸು ಹಾಡುತ್ತಾಳೆ, ಅವಳ ಗಂಡ ಅದೇ ತಾಸಿನಲ್ಲಿ ಟೀವಿಯ ಸುದ್ದಿ ಜೋರಾಗಿ ಹಚ್ಚುತ್ತಾನೆ. ದನಿ ಕೆಟ್ಟದ್ದೇನಲ್ಲ. ಆದರೆ ನಾನು ಅಡುಗೆಮನೆಯಲ್ಲಿ ನಿಂತು ಕಲಬುರಗಿಯ ತಂಗಿ ನೀಲಾಗೆ ದಿನಾ ಫೋನಿನಲ್ಲಿ ಹೇಳುತ್ತಿದ್ದದ್ದೇ ಬೇರೆ. "ಒಡದ ಹರಿವಾಣ ಬಡದಂಗ ಹಾಡ್ತಾಳ ನೀಲಾ, ಮುಂಜಾನಿ ಎದ್ದು ಇದನ್ನ ಕೇಳಬೇಕು ನಾ."

ದನಿ ಇಳಿಸುವ ಅಗತ್ಯವೇ ಕಂಡಿರಲಿಲ್ಲ. ವಲಸೆ ಬಂದ ನಮ್ಮಂಥವರಿಗೆ ಇರುವ ಒಂದೇ ಸಿರಿತನ ಇದು, ಕನ್ನಡ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಎದುರಿಗೆ ಕೂತವಳ ಸೀರೆಯನ್ನೂ ಸೊಸೆಯನ್ನೂ ಅವಳ ಮುಖ ನೋಡುತ್ತಲೇ ಆಡಿಕೊಳ್ಳಬಹುದು, ಅವಳು ನಗುತ್ತಾ ಜಾಗ ಕೊಡುತ್ತಾಳೆ. ಮಗಳು ಎಷ್ಟೋ ಸಲ "ಮಮ್ಮಿ, ಧೀರೇ ಬೋಲೋ" ಅನ್ನುತ್ತಿದ್ದಳು, ಮೆಲ್ಲಗೆ ಮಾತಾಡು ಎಂದು. ಯಾರಿಗೆ ತಿಳಿಯುತ್ತದೆ ಬಿಡೇ ಅನ್ನುತ್ತಿದ್ದೆ.

ಒಂದು ಭಾನುವಾರ ವಸುಧಾ ಒಂದು ಫಾರ್ಮ್ ಹಿಡಿದು ಬಂದಳು. ಮುಂಬೈ ರೇಡಿಯೊ ಕೇಂದ್ರದ ಪರೀಕ್ಷೆಯ ಅರ್ಜಿ. ಎರಡು ಸಲ ಫೇಲಾಗಿದ್ದಳಂತೆ, ಇದು ಮೂರನೆಯದು. ಇದೂ ಹೋದರೆ ತಂಬೂರಿ ಯಾರಿಗಾದರೂ ಕೊಟ್ಟುಬಿಡುವುದೆಂದು ಗಂಡನಿಗೆ ಮಾತು ಕೊಟ್ಟಿದ್ದಳಂತೆ. "ತಾಯಿ, ಜರಾ ಬಘಾಲ ಕಾ?" ಸ್ವಲ್ಪ ನೋಡುತ್ತೀರಾ ಎಂದು ರಾಗಗಳ ಪಟ್ಟಿಯನ್ನು ಮುಂದಿಟ್ಟಳು.

ಈ ಪಟ್ಟಿಯ ವಿಷಯ ಹೇಳಬೇಕು. ಪರೀಕ್ಷೆಗೆ ಕೂಡುವವರು ತಮಗೆ ಬರುವ ರಾಗಗಳನ್ನು ತಾವೇ ಬರೆದು ಕೊಡಬೇಕು. ಅದರೊಳಗಿಂದ ತಮಗೆ ಬೇಕಾದದ್ದನ್ನು ಪರೀಕ್ಷಕರು ಕೇಳುತ್ತಾರೆ. ಪಟ್ಟಿಯಲ್ಲಿ ಒಂದು ಕಠಿಣ ರಾಗ ಕಂಡರೆ ಅವರ ಬೆರಳು ಅದರ ಮೇಲೆಯೇ ಹೋಗುತ್ತದೆ. ಪಟ್ಟಿಗೆ ಬರೆಯುವ ರಾಗ ಮನೆಮಗಳಂತಿರಬೇಕು, ಒಂದು ದಿನದ ನೆಂಟಳನ್ನು ಬರೆಯಬೇಡ ಎಂದು ನನ್ನ ಗುರುಗಳು ಹೇಳಿದ್ದರು. ವಸುಧಾಳ ಪಟ್ಟಿ ಅಚ್ಚುಕಟ್ಟಾಗಿತ್ತು, ಎಲ್ಲ ಮನೆಮಕ್ಕಳೇ. ಹಾಗೇ ಕಳಿಸಿದ್ದರೆ ಪಾಸಾಗುತ್ತಿದ್ದಳು.

"ಇಷ್ಟು ಹಗುರ ಪಟ್ಟಿ ನೋಡಿದರೆ ಅವರು ಹಗುರ ತಿಳಿಯುತ್ತಾರೆ" ಎಂದೆ ನನ್ನ ಹರಕು ಮರಾಠಿಯಲ್ಲಿ. "ತೂಕದ್ದು ಒಂದು ಇರಲಿ. ದೇವಗಂಧಾರ ಬರುತ್ತದಾ?"

ಯಾರ ಹತ್ತಿರವೋ ಎರಡು ತಿಂಗಳು ಕಲಿತು ಬಿಟ್ಟಿದ್ದಳಂತೆ. ಬರೆದುಕೊಂಡಳು. ದೇವಗಂಧಾರ ಬೆಳಗಿನ ರಾಗ. ಜೋನಪುರಿ ರಾಗದ ದಾರಿಯಲ್ಲೇ ನಡೆಯಬೇಕು, ಒಂದೇ ಒಂದು ತಿರುವಿನಲ್ಲಿ ಶುದ್ಧ ಗಾಂಧಾರ ಸ್ವರವನ್ನು ಮುಟ್ಟಿ ಬರಬೇಕು. ಮುಟ್ಟದಿದ್ದರೆ ಅದು ಜೋನಪುರಿಯೇ. ಒಂದು ಉಸಿರು ಹೆಚ್ಚು ನಿಂತರೆ ಯಾವ ರಾಗವೂ ಅಲ್ಲ. ನಮ್ಮ ಗುರುಗಳ ಗಟ್ಟಿ ಆಸ್ತಿ ಅದು. ನನಗೆ ಬಂದದ್ದೂ ಅದೊಂದೇ ಎನ್ನಬಹುದು. ಎರಡು ತಿಂಗಳಲ್ಲಿ ಅದು ಬರುವುದಿಲ್ಲವೆಂದು ತಿಳಿದೇ, ಬೇಕೆಂದೇ ಬರೆಸಿದೆ. ಅದನ್ನು ಮುಚ್ಚಿಡುವುದಿಲ್ಲ.

ಅಂದು ಸಂಜೆ ನೀಲಾಗೆ ಫೋನ್ ಮಾಡಿ ಹೇಳಿದೆ. "ದೇವಗಂಧಾರ ಬರೆಸೀನಿ ನೋಡು. ಮಕಾಡೆ ಬೀಳ್ತಾಳ. ಹಿಂಗ ಹಾಡಬೇಕದು, ಆಕಿ ಎಲ್ಲಿ ಹಾಡ್ತಾಳ?" ಎಂದು ಆ ತಿರುವನ್ನು ಹಾಡಿಯೂ ತೋರಿಸಿದೆ. ಖುಷಿಗೆ ಇನ್ನೊಮ್ಮೆ ಹಾಡಿದೆ. ನೀಲಾ "ಅಕ್ಕ, ನಿಂಗ ಇದು ಬೇಕಿತ್ತಾ?" ಅಂದಳು. ಅವಳಿಗೆ ಸಂಗೀತ ಬರುವುದಿಲ್ಲ, ಹೊಟ್ಟೆಕಿಚ್ಚೂ ಬರುವುದಿಲ್ಲ.

ಮರುದಿನದಿಂದ ಗೋಡೆಯಾಚೆ ದೇವಗಂಧಾರ ಶುರುವಾಯಿತು. ತಪ್ಪು. ಗಾಂಧಾರದ ಮೇಲೆ ಬಸ್ ಸ್ಟಾಪಿನಲ್ಲಿ ನಿಂತ ಹಾಗೆ ನಿಂತುಬಿಡುತ್ತಿದ್ದಳು. ಎರಡು ದಿನ ಹಿಗ್ಗಿದೆ. ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ನಾಲ್ಕನೆಯ ದಿನ ಹಲ್ಲುಜ್ಜುವಾಗ ಅದೇ ತಪ್ಪು ನನ್ನ ತಲೆಯೊಳಗೆ ಹಾಡಿಕೊಂಡಿತು. ಇದೇನು ಗ್ರಹಚಾರ, ಇವಳು ಕೆಡಿಸಿ ಕೆಡಿಸಿ ನನ್ನ ಕಿವಿಯಲ್ಲಿದ್ದದ್ದನ್ನೂ ಕೆಡಿಸುತ್ತಾಳೆ ಎಂದು ಹೆದರಿಕೆಯಾಯಿತು. ವಾರ ಕಳೆಯುವಷ್ಟರಲ್ಲಿ ತಡೆಯಲಾಗದೆ, ಹಂಚಿನ ಮುಂದೆ ನಿಂತು, ಗೋಡೆಗೆ ಮುಖ ಮಾಡಿ, ಸರಿಯಾದದ್ದನ್ನು ಜೋರಾಗಿ ಹಾಡಿದೆ.

ಆಚೆ ಕಡೆ ತಂಬೂರಿ ನಡೆಯುತ್ತಿತ್ತು, ದನಿ ನಿಂತಿತು. ಆಮೇಲೆ ಅವಳು ನಾನು ಹಾಡಿದ್ದನ್ನು ಹಾಡಿದಳು. ಇನ್ನೂ ತಪ್ಪು, ಮೊದಲಿಗಿಂತ ಕಡಿಮೆ. ನಾನು ಇನ್ನೊಮ್ಮೆ ಹಾಡಿದೆ.

ಹೀಗೆ ತಿಂಗಳುಗಟ್ಟಲೆ ನಡೆಯಿತು. ಮೆಟ್ಟಿಲಲ್ಲಿ ಎದುರಾದರೆ ನೀರು ಬಂತಾ, ಹಾಲಿನವನು ಬಂದನಾ, ಅಷ್ಟೇ ಮಾತು. ಗೋಡೆಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಅವಳನ್ನು ಉಳಿಸುತ್ತಿಲ್ಲ, ರಾಗವನ್ನು ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಷತಾ ಒಂದು ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಾ, "ಮಮ್ಮಿ, ತುಮ್ ದೋನೋ ಜಾಝ್ ಕರ್ ರಹೇ ಹೋ" ಅಂದಳು. ನೀವಿಬ್ಬರೂ ಜಾಝ್ ಮಾಡುತ್ತಿದ್ದೀರಿ ಎಂದು. "ನಿನಗ್ಯಾಕ, ರೈಲು ತಪ್ತದ ಹೋಗು" ಎಂದು ಅಟ್ಟಿದೆ.

ವಸುಧಾ ಪಾಸಾದಳು. ಪರೀಕ್ಷಕರು ಕೇಳಿದ್ದು ದೇವಗಂಧಾರವನ್ನೇ. ಪೇಢೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದಾಗ ನಾನು ಎರಡು ಪೇಢೆ ತಿಂದೆ, ಬಾಯಿ ತುಂಬಿದ್ದರೆ ಮಾತಾಡುವ ಕಷ್ಟವಿಲ್ಲವಲ್ಲ. ಅವಳ ಮೊದಲ ಪ್ರಸಾರದ ದಿನ ನಮ್ಮ ಕಟ್ಟಡದ ಇಡೀ ವಿಂಗಿನವರನ್ನು ಮನೆಗೆ ಕರೆದಿದ್ದಳು. ನನಗೆ ಠಾಣೆಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಬೆಳಿಗ್ಗೆಯೇ ಮನೆ ಬಿಟ್ಟೆ. ಅವಳ ಮನೆಯಲ್ಲಿ ಕೂತು, ಅವರಿವರು "ವಾಹ್" ಅನ್ನುವುದನ್ನು ಕೇಳುವಷ್ಟು ದೊಡ್ಡ ಮನಸ್ಸು ದೇವರು ನನಗೆ ಕೊಟ್ಟಿಲ್ಲ.

ಕೆಲಸವಿಲ್ಲದೆ ಠಾಣೆಗೆ ಹೋದವರು ಎಲ್ಲಿಗೆ ಹೋಗಬೇಕು? ನೌಪಾಡಾದ ಒಂದು ಉಡುಪಿ ಹೋಟೆಲಿಗೆ ಹೋಗಿ ಕೂತೆ. ಗಲ್ಲಾಪೆಟ್ಟಿಗೆಯ ಮುಂದಿದ್ದ ಭಟ್ಟರು ನನ್ನ ಕನ್ನಡ ಕೇಳಿ ಖುಷಿಯಾಗಿ ತಾವೇ ಇಡ್ಲಿ ತಂದಿಟ್ಟರು. ಅವರ ತಲೆಯ ಮೇಲಿನ ಹಲಗೆಯಲ್ಲಿ, ಗಣಪತಿ ಫೋಟೊದ ಪಕ್ಕ, ರೇಡಿಯೊ ಇತ್ತು. ನೋಡಿದ ಕೂಡಲೇ ಏಳಬೇಕಿತ್ತು. ಏಳುವಷ್ಟರಲ್ಲಿ ಅದರಲ್ಲಿ ವಸುಧಾಳ ಹೆಸರು ಹೇಳಿದರು, ರಾಗ ಹೇಳಿದರು, ಹಾಡು ಶುರುವಾಯಿತು.

ಆ ತಿರುವು ಬಂದಾಗ ಅವಳು ಗಾಂಧಾರವನ್ನು ಮುಟ್ಟಿ ಬಂದಳು. ನನ್ನ ಗುರುಗಳ ಹಾಗೆ. ಅವರು ಮುಟ್ಟುವ ಮುಂಚೆ ಸಣ್ಣಗೆ ಹಿಂಜರಿಯುತ್ತಿದ್ದರು, ಆ ಹಿಂಜರಿಕೆಯೂ ಇತ್ತು. ನಾನು ರೊಟ್ಟಿ ಬಡಿಯುತ್ತಾ ಹಾಡಿದ್ದು ಇಡೀ ಮುಂಬೈಗೆ ಕೇಳುತ್ತಿತ್ತು, ಹೆಸರು ಮಾತ್ರ ಬೇರೆ. ಇಷ್ಟು ವರ್ಷ ತರಕಾರಿಯವನ ಮೇಲೆ, ಸೆಕ್ರೆಟರಿಯ ಮೇಲೆ, ಜಾಝ್ ಹಾಕುವ ಹೆಂಗಸಿನ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಅದರ ಮುಂದೆ ಏನೂ ಅಲ್ಲ.

"ಯಾರು ಮಾರಾಯ್ರೆ ಇದು ಹಾಡುದು? ಲಾಯ್ಕ್ ಉಂಟಲ್ಲ!" ಅಂದರು ಭಟ್ಟರು. ನನ್ನ ಮುಖ ನೋಡಿ, "ಎಂತ ಆಯ್ತು? ಚಟ್ನಿ ಖಾರ ಆಯ್ತಾ?"

"ಹೌದ್ರಿ" ಎಂದು ಕಣ್ಣೊರೆಸಿಕೊಂಡೆ.

ಮನೆಗೆ ಬಂದಾಗ ಅವಳ ಮನೆಗೆ ಬಂದವರೆಲ್ಲ ಹೋಗಿದ್ದರು. ವಸುಧಾ ರೇಷ್ಮೆ ಸೀರೆಯಲ್ಲೇ ನನ್ನ ಬಾಗಿಲಲ್ಲಿ ನಿಂತಿದ್ದಳು. "ಕೇಳಿದ್ರಿ?" ಅಂದಳು.

ಹೌದೆಂದು ತಲೆಯಾಡಿಸಿದ ಮೇಲೆ ನನಗೆ ಹೊಳೆಯಿತು. ಅವಳು ಕೇಳಿದ್ದು ಕನ್ನಡದಲ್ಲಿ.

"ನಮ್ಮವ್ವ ನಿಪ್ಪಾಣಿಯಾಕಿ" ಅಂದಳು. "ಸಣ್ಣಾಕಿದ್ದಾಗ ಅಲ್ಲೇ ಬೆಳದೀನಿ. ಎಲ್ಲಾ ತಿಳಿತೈತಿ ನನಗ."

ಇಷ್ಟು ವರ್ಷ ಆ ಗೋಡೆಯ ಈಚೆ ನಾನು ಏನೇನು ಆಡಿದ್ದೆನೋ ಎಲ್ಲವೂ ಒಟ್ಟಿಗೆ ನೆನಪಾಯಿತು. "ಮೊದಲೇ ಯಾಕ ಹೇಳಲಿಲ್ಲ?" ಅಂದೆ, ತಪ್ಪು ಅವಳದೇ ಎಂಬ ಹಾಗೆ.

"ಬಂದ ವಾರದಾಗ ನನ್ನ ದನಿ ಒಡದ ಹರಿವಾಣ ಅಂದ್ರಿ. ಆಮ್ಯಾಲ ಹೆಂಗ ಹೇಳ್ಲಿ, ನೀವss ಹೇಳ್ರಿ." ಅವಳು ನಗಲಿಲ್ಲ. "ದೇವಗಂಧಾರ ಯಾಕ ಬರೆಸಿದ್ರಿ ಅಂತನೂ ಅವತ್ತss ಕೇಳಿಸ್ತು. ಫಾರ್ಮ್ ಇನ್ನಾ ಟೇಬಲ್ ಮ್ಯಾಲೆ ಇತ್ತು. ಬಾಳ ಅತ್ತೆ. ಹೊಡದು ಹಾಕಬೇಕಂತ ಪೆನ್ ತಗೊಂಡೆ. ಆಗ ನೀವು ತಂಗಿಗೆ ಹಾಡಿ ತೋರಿಸಿದ್ರಿ."

ನಾನು ಒಲೆಯ ಹಿಂದಿನ ಗೋಡೆಯ ಕಡೆ ನೋಡಿದೆ.

"ಹಿಂಗ ಹಾಡೂ ಹೆಣಮಗಳು ಅದನ್ನ ತಪ್ಪು ಕೇಳಿ ಎಷ್ಟ್ ದಿನಾ ತಡಕೋತಾಳ ಅಂತ ಅನಿಸ್ತು. ಹೊಡೀಲಿಲ್ಲ. ಮೊದಲನೇ ವಾರ ಬೇಕಂತಲೇ ಕೆಟ್ಟ ಹಾಡಿದೆ. ಮುಂದ ತಪ್ಪಿದ್ದು ಮಾತ್ರ ಖರೇನ ಬರತಿರಲಿಲ್ಲ ಅಂತ."

"ನಾ ನಿಮಗ ಕೇಡು ಬಗದೆ" ಎಂದೆ. ಕ್ಷಮಿಸಿರಿ ಎನ್ನಲು ಬಾಯಿ ಬರಲಿಲ್ಲ.

"ಬಗದ್ರಿ. ಅದನ್ನ ಮರೆಯಾಂಗಿಲ್ಲ ನಾ" ಅಂದಳು. "ಆದ್ರ ನಮ್ಮನ್ಯಾಗ ಒಬ್ಬರೂ ಒಂದಿನಾ ಟೀವಿ ಸಣ್ಣದು ಮಾಡಿ ಕೇಳಲಿಲ್ಲ. ಹೊಟ್ಟಿಕಿಚ್ಚಿಲೇ ಆಗ್ಲಿ, ಕೇಳಿದವರು ನೀವೊಬ್ಬರss."

ಕೈಯಲ್ಲಿದ್ದ ಕಾಗದವನ್ನು ಕೊಟ್ಟು ಹೋದಳು. ರೆಕಾರ್ಡಿಂಗಿಗೆ ಹೋದಾಗ ಕೇಳಿ ತಂದದ್ದಂತೆ: ಬೇರೆ ಕೇಂದ್ರದ ಕಲಾವಿದರು ಗ್ರೇಡನ್ನು ಇಲ್ಲಿಗೆ ವರ್ಗ ಮಾಡಿಸಿಕೊಳ್ಳುವ ಅರ್ಜಿ. ಮೊದಲ ಸಾಲಿನಲ್ಲೇ ಇತ್ತು, ಹಿಂದಿನ ಕೇಂದ್ರದ ಪಟ್ಟಿಯಿಂದ ಹೆಸರು ತೆಗೆಯಲು ನನ್ನ ಒಪ್ಪಿಗೆ ಇದೆ ಎಂದು.

ಅದು ನಾಲ್ಕು ದಿನ ಹಿಟ್ಟಿನ ಡಬ್ಬಿಯ ಮೇಲೆ ಬಿದ್ದಿತ್ತು. ಬಸವರಾಜ "ಅಲ್ಲಿ ನಿನ್ನ ಯಾರು ಕರೀಲತ್ತಾರ? ಬರದು ಒಗಿ ಅತ್ಲಾಗ" ಎಂದರು. ಗಂಡಸರಿಗೆ ಹೀಗೆ ಹೇಳುವುದು ಸುಲಭ, ಅವರು ಫಿಟರ್, ನಟ್ಟು ಎಲ್ಲಿ ಹಾಕಿದರೂ ನಟ್ಟೇ. ಐದನೆಯ ದಿನ ಸಹಿ ಮಾಡಿದೆ. ಊರಿನ ಕೇಂದ್ರಕ್ಕೆ ಬೇರೆ ಕಾಗದವನ್ನು ಕನ್ನಡದಲ್ಲಿ ಬರೆದೆ. ನನ್ನ ಹೆಸರನ್ನು ಹೊಡೆಯಿರಿ ಎಂದು ನಾನೇ ಬರೆಯುವಾಗ ಅಕ್ಷರ ಸೊಟ್ಟಗಾದವು, ಎರಡು ಸಲ ಹರಿದು ಬರೆದೆ.

ಅಲ್ಲಿಂದ ಬೇಗ ಉತ್ತರ ಬಂತು, ಹೆಸರು ತೆಗೆದಿದ್ದೇವೆ ಎಂದು. ಇಲ್ಲಿಂದ ಇನ್ನೂ ಬಂದಿಲ್ಲ. ಈ ಹೊತ್ತು ನಾನು ಯಾವ ಪಟ್ಟಿಯಲ್ಲೂ ಇಲ್ಲ.

ಮೊನ್ನೆ ಬೆಳಿಗ್ಗೆ ನೀಲಾ ಫೋನ್ ಮಾಡಿದಳು. "ಅಕ್ಕ, ನಿನ್ನ ಜಾಗಾದಾಗ ಹೊಸ ಹುಡಗಿ ಹಾಡ್ತಾಳ ಈಗ. ಹಚ್ಚು." ಫೋನಿನಲ್ಲೇ ಈಗ ಊರಿನ ರೇಡಿಯೊ ಬರುತ್ತದೆ. ತೊಗರಿಯ ದರ ಮುಗಿಯಿತು, ಹುಡುಗಿಯ ಹೆಸರು ಹೇಳಿದರು. ನಮ್ಮ ಗುರುಗಳ ಕೊನೆಕೊನೆಯ ಶಿಷ್ಯೆಯಂತೆ. ದೇವಗಂಧಾರವನ್ನೇ ಎತ್ತಿಕೊಂಡಳು. ದನಿ ಬೆಳ್ಳಿ. ಅರಿವೆ ಅಂಗಡಿಯವರು ನಾಳೆ ಅವಳಿಗೆ "ಕೇಳಿದ್ವಿ" ಎನ್ನುತ್ತಾರೆ ಎಂದು ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅಷ್ಟರಲ್ಲಿ ತಿರುವು ಬಂತು, ಹುಡುಗಿ ಗಾಂಧಾರದ ಮೇಲೆ ನಿಂತುಬಿಟ್ಟಳು.

ಫೋನನ್ನು ಬಾಯಿಯ ಹತ್ತಿರ ಹಿಡಿದು ಸರಿಯಾದದ್ದನ್ನು ಹಾಡಿದೆ. ಅವಳಿಗೆಲ್ಲಿ ಕೇಳಬೇಕು, ಅವಳು ಮತ್ತೆ ತಪ್ಪಿದಳು. ನಾನು ಮತ್ತೆ ಹಾಡಿದೆ, ಇನ್ನೂ ಜೋರಾಗಿ. ಕಲಬುರಗಿಯಲ್ಲಿ ಆ ಹುಡುಗಿ ತನ್ನ ಪಾಡಿಗೆ ತಪ್ಪು ಹಾಡುತ್ತಾ ಹೋದಳು. ಗೋಡೆಯ ಆಚೆಯಿಂದ ನಾನು ಹಾಡಿದ್ದನ್ನು ವಸುಧಾ ಎತ್ತಿಕೊಂಡಳು.